ಅಕ್ಕನ ಬೆರಳಿಗೆ ಬಂದ ಸ್ಕಿಪ್ಪರ್

ಮಧುಗಿರಿಯ ಪಾರ್ಕಿನಲ್ಲಿ ಟಿಶ್ಯೂ ಪೇಪರ್ ಹರಿದು, ಎಂಜಲು ಹಚ್ಚಿ, ಎಲೆಗಳಿಗೆ ಅಂಟಿಸುತ್ತಾ ಕೂರುವ ಹೆಂಗಸರು ನಾವಿಬ್ಬರೇ, ನಾನು ಮತ್ತು ನನ್ನಕ್ಕ. ನೋಡಿದವರು ಹುಚ್ಚೆಂದುಕೊಳ್ಳಲಿ, ನಮಗೇನು! ಸ್ಕಿಪ್ಪರ್ ಎಂಬ ಪುಟ್ಟ ಕಂದು ಚಿಟ್ಟೆಗಳಿಗೆ ಹಕ್ಕಿ ಹಿಕ್ಕೆ ಎಂದರೆ ಪ್ರಾಣ. ಒದ್ದೆ ಬಿಳಿ ಕಾಗದದ ಚೂರನ್ನು ಹಿಕ್ಕೆಯೆಂದೇ ನಂಬಿ ಬಂದು ಕೂರುತ್ತವೆ. ಇಲ್ಲದಿದ್ದರೆ ಅವು ಒಂದು ಕಡೆ ನಿಲ್ಲುವ ಜಾತಿಯೇ ಅಲ್ಲ.

ಈ ವಿದ್ಯೆ ಅಕ್ಕನದು. ಕೊರಟಗೆರೆಯಲ್ಲಿ ಟೀಚರಾಗಿದ್ದವಳು ರಿಟೈರಾದ ಮೇಲೆ, ಭಾನುವಾರ ಬಂತೆಂದರೆ ತಾನಿರುವ ಕೊಡಿಗೇನಹಳ್ಳಿಯಿಂದ ಬಸ್ ಹತ್ತಿ ಬಂದು ನನ್ನನ್ನು ಪಾರ್ಕಿಗೆ ಎಳೆದೊಯ್ಯುತ್ತಿದ್ದಳು. ಮೊದಮೊದಲು ನಾನು ಕಂಡದ್ದನ್ನೆಲ್ಲಾ ಚಿಟ್ಟೆಯಲ್ಲ, ಪತಂಗ ಎನ್ನುತ್ತಿದ್ದೆ.

"ಥೂ, ನಿನ್ ಕಣ್ಣಿಗೆ ಏನಾಗೈತೆ? ಮೀಸೆ ತುದಿ ನೋಡೇ, ಕೊಕ್ಕೆ ಇದ್ದಂಗೈತೆ. ರೆಕ್ಕೆ ಕೆಳಗಡೆ ಚುಕ್ಕೆ ನೋಡು, ನೆಟ್ಟಗವೋ, ಸೊಟ್ಟಗವೋ? ಅದ್ರಾಗೇ ಇರೋದು ಕುಲಗೋತ್ರ ಎಲ್ಲಾ."

ಒಮ್ಮೆ ಪಾರ್ಕು ಗುಡಿಸುವಾಕೆ ಪೊರಕೆ ಹಿಡಿದೇ ಬಂದಳು. "ಇದೇನ್ರಮ್ಮ, ಎಲೆಗೆಲ್ಲಾ ಎಂಜಲು ಮೆತ್ತೀರಾ?"

"ನೆಂಟ್ರು ಬರ್ತಾರೆ ಕಣಮ್ಮ, ಎಲೆ ಹಾಕಿದ್ದೀನಿ" ಎಂದಳು ಅಕ್ಕ. ಗುಡಿಸುವಾಕೆಗೂ ನಗು ತಡೆಯಲಾಗಲಿಲ್ಲ. ಹೊರಡುವಾಗ ಅಕ್ಕ ಚೂರುಗಳನ್ನೆಲ್ಲಾ ಆಯ್ದು ಚೀಲಕ್ಕೆ ಹಾಕಿಕೊಂಡಳು.

ಸಕ್ಕರೆ ಕಾಯಿಲೆ ಅವಳ ಕಣ್ಣು ತಿಂದುಬಿಟ್ಟಿತು. ಮೊದಲು ಚುಕ್ಕೆಗಳು ಹೋದವು, ಆಮೇಲೆ ಚಿಟ್ಟೆ, ಆಮೇಲೆ ನನ್ನ ಮುಖ. ಈಗ ಬೆಳಕು ನೆರಳು ಗೊತ್ತಾಗುತ್ತದೆ, ಅಷ್ಟೇ. ಆದರೂ ಭಾನುವಾರ ತಪ್ಪಿಸುವುದಿಲ್ಲ. ಭಾವ ಬಸ್ ಹತ್ತಿಸುತ್ತಾರೆ, ನಾನು ಇಳಿಸಿಕೊಳ್ಳುತ್ತೇನೆ. ಬೆಂಚಿನ ಮೇಲೆ ಕೂತು ನಾನು ಚುಕ್ಕೆ ಹೇಳಿದರೆ ಅವಳು ಹೆಸರು ಹೇಳುತ್ತಾಳೆ. ಆದರೆ ಯಾರಿಗೆ ಬೇಕು ಆ ಹೆಸರು? "ಅಲ್ನೋಡೇ!" ಎಂದು ನನ್ನ ತೋಳು ಚಿವುಟುತ್ತಿದ್ದ ಅಕ್ಕ ಬೇಕು ನನಗೆ. ಅವಳ ಪಕ್ಕದಲ್ಲೇ ಕೂತು ಅವಳಿಗಾಗಿ ಹಂಬಲಿಸುತ್ತೇನೆ. ಈಗವಳು ಚಿವುಟುವುದಿಲ್ಲ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೇಳಿಸಿಕೊಳ್ಳುತ್ತಾಳೆ.

ಮೊನ್ನೆ ಭಾನುವಾರ ನಾನು ಕಾಗದ ಹರಿಯುತ್ತಿದ್ದಾಗ ಅವಳೇ ಬಾಯಿಬಿಟ್ಟಳು. "ಒಂದೇ ಒಂದ್ಸಲ ನೋಡ್ಬೇಕು ಅನ್ನಿಸ್ತದೆ ಕಣೇ."

ನಾನು ಇನ್ನೊಂದು ಚೂರು ಹರಿದು ಎಂಜಲು ಹಚ್ಚಿದೆ. ಅವಳೇ ತೋರುಬೆರಳು ಚಾಚಿದಳು.

"ಎಲೆಗ್ಯಾಕೆ, ನನ್ ಬೆರಳಿಗೇ ಅಂಟ್ಸು. ನೋಡಾಕಾಗ್ದಿದ್ರೆ ಬುಡು, ಮುಟ್ಟಿಸ್ಕಂತೀನಿ."

ಅಂಟಿಸಿದೆ. ಬಿಸಿಲೇರಿತು. ಕಾಗದ ಒಣಗಿದಾಗಲೆಲ್ಲಾ ಅವಳೇ ಬೆರಳನ್ನು ನಾಲಿಗೆಗೆ ತಾಗಿಸಿಕೊಂಡಳು. ಕೈ ಸೋತರೂ ಇಳಿಸಲಿಲ್ಲ. ಸಾಕು ಏಳಕ್ಕ ಎನ್ನಬೇಕೆಂದುಕೊಳ್ಳುವಷ್ಟರಲ್ಲಿ ಒಂದು ಸ್ಕಿಪ್ಪರ್ ಸರ್ರನೆ ಬಂದು ಕೂತಿತು. ಕಾಗದ ಬಿಟ್ಟು, ಬೆರಳ ಬೆವರಿಗೇ ಹೀರುನಾಳ ಚಾಚಿತು. ಅಕ್ಕ ಉಸಿರು ಬಿಗಿಹಿಡಿದಳು.

"ಬಂತು! ನೆಕ್ತಾ ಐತೆ ಕಣೇ, ಕಚಗುಳಿ ಇಟ್ಟಂಗಾಯ್ತದೆ. ಬೇಗ ಹೇಳು, ಚುಕ್ಕೆ ನೆಟ್ಟಗವೋ, ಸೊಟ್ಟಗವೋ?"

ಬಗ್ಗಿ ನೋಡಿದೆ. ಅವಳ ಬೆರಳು ಕಂಡಿತು, ಕಂದು ರೆಕ್ಕೆ ಕಂಡಿತು. ಆಮೇಲೆ ಕಣ್ಣು ತುಂಬಿ ಎಲ್ಲಾ ಕಲಸಿಹೋಯಿತು.

"ಕಾಣ್ತಿಲ್ಲ ಕಣಕ್ಕ."

"ಥೂ, ನಿನ್ ಕಣ್ಣಿಗೆ ಏನಾಗೈತೆ?" ಎಂದು ಬೈದಳು ಅಕ್ಕ. ಚಿಟ್ಟೆ ಕೂತಿದ್ದ ಬೆರಳನ್ನು ಅಲುಗಿಸದೆ, ಇನ್ನೊಂದು ಕೈಯಲ್ಲಿ ತಡವಿ ನನ್ನ ತೋಳು ಹುಡುಕಿ, ಚಿವುಟಿದಳು.