ಕಬ್ಬಿಣದ್ದೋ, ಕಾಗದದ್ದೋ

೧೯೬೮ರಲ್ಲಿ ನಾನು ಓದು ನಿಲ್ಲಿಸಿದೆ. ಆಗ ಒಂಬತ್ತನೇ ತರಗತಿ. ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯಲ್ಲಿದ್ದ ಅಪ್ಪ ತೀರಿಕೊಂಡ ಮೇಲೆ ಕ್ವಾರ್ಟರ್ಸ್ ಬಿಟ್ಟುಕೊಡಬೇಕಾಯಿತು. ಅಮ್ಮ, ನಾನು, ಆರು ವರ್ಷದ ತಂಗಿ ಹಳೇ ಊರೊಳಗಿನ ಬಾಡಿಗೆ ಮನೆಗೆ ಬಂದೆವು. ನಾನು ಒಂದು ವರ್ಕ್‌ಶಾಪಿಗೆ ಸೇರಿದೆ. ಮೊದಲ ವರ್ಷವೆಲ್ಲ ನನಗೆ ಕೊಟ್ಟದ್ದು ಒಂದೇ ಕೆಲಸ, ಫೈಲಿಂಗ್. ಅಂದರೆ ಕಬ್ಬಿಣದ ತುಂಡನ್ನು ಬೆಂಚಿಗೆ ಬಿಗಿದ ವೈಸಿನ ಇಕ್ಕಳಕ್ಕೆ ಕಚ್ಚಿಸಿ, ಅರ ಹಿಡಿದು ಉಜ್ಜಿ ಉಜ್ಜಿ ಸಮ ಮಾಡುವುದು. ಅಂಗೈ ಬೊಬ್ಬೆ ಬಂದು, ಒಡೆದು, ಮತ್ತೆ ಬೊಬ್ಬೆ ಬಂದು, ಕೊನೆಗೆ ಚಪ್ಪಲಿಯ ಅಟ್ಟೆಯ ಹಾಗಾಯಿತು. ನಮ್ಮ ಮನೆಯಲ್ಲಿ ಇನ್ನೊಬ್ಬರ ಕೈ ಹೀಗಾಗಬಾರದು ಅಂತ ಆಗಲೇ ತೀರ್ಮಾನ ಮಾಡಿದೆ. ಯಾರನ್ನೂ ಕೇಳಿ ಮಾಡಿದ ತೀರ್ಮಾನವಲ್ಲ ಅದು.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಪೀಣ್ಯದಲ್ಲಿ ನನ್ನದೇ ಶೆಡ್ಡು ಇತ್ತು. ಎರಡು ಲೇತು, ಮೂರು ವೈಸು, ಬಾಗಿಲ ಪಕ್ಕ ಪ್ಲೈವುಡ್ ಹೊಡೆದು ಮಾಡಿದ ಆಫೀಸು ರೂಮು. ಬೋರ್ಡು ನೇತುಹಾಕಿದ ದಿನ ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಅದನ್ನು ನೋಡುತ್ತಲೇ ಇದ್ದೆ.

ಮೂರು ವರ್ಷದ ಮೇಲೆ ತಂಗಿ ಬಿ.ಎಸ್ಸಿ. ಮುಗಿಸಿದಳು. ಅವಳಿಗೆ ಯಂತ್ರಗಳ ಎಂಜಿನಿಯರ್ ಆಗಬೇಕಿತ್ತು, ಅದೂ ಜರ್ಮನಿಯಲ್ಲಿ ಓದಿ. ಸಂಜೆ ಹೊತ್ತು ಸಿಟಿಗೆ ಹೋಗಿ ಜರ್ಮನ್ ಕಲಿಯುತ್ತಿದ್ದಳು. ಪಾತ್ರೆ ಬೆಳಗುತ್ತಾ ಪಾಠ ಒಪ್ಪಿಸುತ್ತಿದ್ದರೆ ಅಮ್ಮ ಒಳಗಿಂದ, “ಏನೇ ಅದು, ಗಂಟ್ಲಲ್ಲಿ ಏನಾದ್ರೂ ಸಿಕ್ಕೊಂಡಿದ್ಯಾ? ನೀರು ಕುಡಿ,” ಅನ್ನುತ್ತಿದ್ದರು.

ಅವಳು ಬರೆದುಕೊಂಡಿದ್ದ ಯೂನಿವರ್ಸಿಟಿಯಿಂದ ಒಂದು ದಿನ ಉತ್ತರ ಬಂತು. ಅಂಕಪಟ್ಟಿ ಎಲ್ಲ ಸರಿಯಿದೆ, ಆದರೆ ಸೇರುವ ಮೊದಲು ಯಾವುದಾದರೂ ವರ್ಕ್‌ಶಾಪಿನಲ್ಲಿ ಆರು ವಾರ ಕೈಯಾರೆ ಕೆಲಸ ಮಾಡಿರಬೇಕು. ಅಲ್ಲಿಂದ ಸರ್ಟಿಫಿಕೇಟ್ ತಂದು, ಜರ್ಮನ್‌ಗೆ ಅನುವಾದ ಮಾಡಿಸಿ, ಕೊನೇ ದಿನಾಂಕದೊಳಗೆ ಕಳಿಸಬೇಕು. ಮಾಡಬೇಕಾದ ಕೆಲಸಗಳಲ್ಲಿ ಮೊದಲನೆಯದೇ ಫೈಲಿಂಗ್.

“ಅಣ್ಣ, ಬೇರೆ ಎಲ್ಲೂ ಹೋಗ್ಬೇಕಾಗಿಲ್ಲ. ನಮ್ ಶೆಡ್ಡಲ್ಲೇ ಆಗುತ್ತೆ. ನೀನೇ ಹೇಳ್ಕೊಡು,” ಅಂದಳು.

“ಎಂಜಿನಿಯರ್ ಆಗೋಳಿಗೆ ಅರ ಯಾಕೆ? ಅದಕ್ಕೆ ನಮ್ಮಂಥೋರು ಇಲ್ವಾ?”

“ಅಲ್ಲಿ ಎಂಜಿನಿಯರ್ ಆಗೋರೂ ಮೊದ್ಲು ಅರ ಹಿಡೀಬೇಕಂತೆ.”

“ಅದೆಂಥ ದೇಶಾನೇ ಅದು!” ಅಂದು ನಕ್ಕೆ. ಸೋಮವಾರ ಬಾ ಅಂತಲೂ ಹೇಳಿದೆ. ಮನಸ್ಸಿನಿಂದಲೇ ಹೇಳಿದೆ.

ಶನಿವಾರ ಟೀ ಅಂಗಡಿಯಲ್ಲಿ ಪಕ್ಕದ ಶೆಡ್ಡಿನ ಮಾಲೀಕ ಸಿಕ್ಕ. “ಏನ್ ಗುರು, ತಂಗೀನ ವೈಸ್ ಮುಂದೆ ನಿಲ್ಲಿಸ್ತೀಯಂತೆ? ಖಾಕಿ ಹೊಲಿಯೋಕೆ ಹಾಕಿದ್ಯಾ?” ಅಂದ. ಜೊತೆಗಿದ್ದವನು, “ಒಂದಾಳು ಸಂಬಳ ಉಳೀತು ಬಿಡು ಮಚ್ಚಾ,” ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಟೀ ಮಾತ್ರ ಅರ್ಧಕ್ಕೇ ಇಟ್ಟು ಬಂದೆ.

ಸೋಮವಾರ ಅವಳು ಜಡೆಯನ್ನು ಮೇಲೆತ್ತಿ ಕಟ್ಟಿ, ದುಪಟ್ಟಾ ಸೊಂಟಕ್ಕೆ ಬಿಗಿದುಕೊಂಡು ಬಂದಳು. ನಾನು ಅವಳನ್ನು ಸೀದಾ ಆಫೀಸು ರೂಮಿಗೆ ಕರೆದೊಯ್ದೆ. ಮೇಜಿನ ಮೇಲೆ ಬಿಲ್ಲು, ಚಲನ್ನು, ಡ್ರಾಯಿಂಗುಗಳ ರಾಶಿ ಬಿದ್ದಿತ್ತು. “ಮೊದ್ಲು ಇದೊಂದು ಸರಿ ಮಾಡ್ಕೊಡಮ್ಮ. ನಾಳೆಯಿಂದ ಆ ಕಡೆ,” ಅಂದೆ.

ನಾಳೆ ಕೇಳಿದರೆ ಮತ್ತೆ ನಾಳೆ ಅಂದೆ. ಒಂದು ದಿನ ಅರ್ಜೆಂಟ್ ಆರ್ಡರ್, ಇನ್ನೊಂದು ದಿನ ಕರೆಂಟಿಲ್ಲ, ಮತ್ತೊಂದು ದಿನ ವೈಸು ಖಾಲಿಯಿಲ್ಲ. ಅವಳು ಕಾಗದಗಳಿಗೆ ತೂತು ಹೊಡೆದು, ದಾರ ಪೋಣಿಸಿ, ರಟ್ಟಿನ ಮೇಲೆ ಚೆಂದದ ಅಕ್ಷರದಲ್ಲಿ ಹೆಸರು ಬರೆದು ಸಾಲಾಗಿ ಜೋಡಿಸಿಟ್ಟಳು. ಕಿವಿಯೆಲ್ಲ ಪ್ಲೈವುಡ್ಡಿನ ಆಚೆ ಕಡೆಗೇ ಇತ್ತು. ಒಂದು ಮಧ್ಯಾಹ್ನ ಬುತ್ತಿ ಬಿಚ್ಚುತ್ತಾ, “ಅಣ್ಣ, ಆ ಮೂಲೇಲಿರೋರು ಅರ ವಾಪಸ್ ಎಳೆಯೋವಾಗ್ಲೂ ಒತ್ತುತ್ತಾರೆ. ಸದ್ದಲ್ಲೇ ಗೊತ್ತಾಗುತ್ತೆ. ಹಲ್ಲು ಬೇಗ ಸವೆಯಲ್ವಾ?” ಅಂದಳು. ಅವಳು ಹೇಳಿದ್ದು ಸರಿಯಾಗಿತ್ತು. ಅರವನ್ನು ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಬೇಕು. ನನಗೆ ಅದು ತಲೆಗೆ ಹೋಗಲು ಎಷ್ಟು ಏಟು ಬೇಕಾಗಿತ್ತು!

“ನಿನ್ ಕೆಲಸ ನೋಡು,” ಅಂದೆ.

ಹಾಗೇ ಆರು ವಾರ ಕಳೆಯಿತು. ಸರ್ಟಿಫಿಕೇಟ್ ಟೈಪ್ ಮಾಡಿಸಲು ಯಶವಂತಪುರಕ್ಕೆ ಹೋದೆ. ಅಳತೆ ತಪ್ಪಿದ ಮಾಲನ್ನು ಸರಿ ಎಂದು ಹೇಳಿ ಕಳಿಸಿದವನಲ್ಲ ನಾನು. ಏನು ಕೆಲಸ ಅಂತ ಹೊಡೀಲಿ ಅಂತ ಟೈಪಿಸ್ಟ್ ಕೇಳಿದ. ಆಗ ಹೊಳೆದದ್ದು ಆ ಪದ. ಕಾಗದ ಜೋಡಿಸುವುದಕ್ಕೂ ಇಂಗ್ಲಿಷಿನಲ್ಲಿ ಫೈಲಿಂಗ್ ಎಂದೇ ಅನ್ನುತ್ತಾರಲ್ಲ! ‘ಫೈಲಿಂಗ್, ಆರು ವಾರ’ ಅಂತ ಹೊಡೆಸಿ, ಸಹಿ ಹಾಕಿ, ಸೀಲು ಒತ್ತಿದೆ. ಸುಳ್ಳೇನಲ್ಲ ಅಂತ ದಾರಿಯುದ್ದಕ್ಕೂ ಹೇಳಿಕೊಂಡೆ.

ತಂಗಿ ಓದಿ ತಲೆಯೆತ್ತಿದಳು. “ಇದು ಯಾವ ಫೈಲಿಂಗ್ ಅಣ್ಣ?”

“ಇಂಗ್ಲಿಷಲ್ಲಿ ಎರಡೂ ಒಂದೇ ಕಣೇ. ಕಳಿಸು ಸುಮ್ನೆ.”

ಅವಳು ಅದನ್ನು ಮಡಿಚಿಟ್ಟುಕೊಂಡಳು.

ಅನುವಾದ ಮಾಡುವವರು ಸಿಟಿಯಲ್ಲಿದ್ದ ಕನ್ನಡದವರೇ, ವಯಸ್ಸಾದವರು. ಇಬ್ಬರೂ ಅವರ ಮನೆಗೆ ಹೋದೆವು. ಅಂಕಪಟ್ಟಿ, ಜನನ ಪತ್ರ ಎಲ್ಲ ಸರಸರನೆ ಆಯಿತು. ನನ್ನ ಸರ್ಟಿಫಿಕೇಟ್ ಬಂದಾಗ ಪೆನ್ನು ನಿಂತಿತು.

“ಅಮ್ಮಾ, ಜರ್ಮನ್‌ನಲ್ಲಿ ಇದಕ್ಕೆ ಎರಡು ಬೇರೆ ಬೇರೆ ಮಾತಿದೆ. ಇದು ಯಾವ ಫೈಲಿಂಗು? ಕಬ್ಬಿಣದ್ದೋ, ಕಾಗದದ್ದೋ?”

“ಕಬ್ಬಿಣದ್ದು ಸಾರ್. ನನ್ದೇ ಶೆಡ್ಡು,” ಅಂದುಬಿಟ್ಟೆ.

ಅವರು ನನ್ನ ಕಡೆ ತಿರುಗಲಿಲ್ಲ. “ನೀವು ಹೇಳೀಮ್ಮಾ,” ಅಂದರು.

ತಂಗಿ ತೊಡೆಯ ಮೇಲಿದ್ದ ಕೈಗಳನ್ನು ಬಿಚ್ಚಿ ನೋಡಿಕೊಂಡಳು. ಒಂದು ಗೀರೂ ಇಲ್ಲದ ಅಂಗೈ. ನಾನು ಇಷ್ಟು ವರ್ಷ ಕಾಪಾಡಿಕೊಂಡು ಬಂದ ಅಂಗೈ.

“ಕಾಗದದ್ದು ಸಾರ್.”

ಅವರು ಕನ್ನಡಕ ತೆಗೆದರು. “ಹಾಗಾದ್ರೆ ಇದನ್ನ ಕಳಿಸಿ ಪ್ರಯೋಜನ ಇಲ್ಲಮ್ಮ. ಕೊನೇ ದಿನಾಂಕ ಯಾವಾಗ?”

ಎರಡು ವಾರವೂ ಇರಲಿಲ್ಲ.

ಬಸ್ಸಿನಲ್ಲಿ ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈದರೆ ತಿರುಗಿ ಹೇಳಲು ನನ್ನಲ್ಲಿ ಮಾತುಗಳಿದ್ದವು. ನಿನಗೋಸ್ಕರವೇ ಓದು ಬಿಟ್ಟೆ ಅನ್ನಬಹುದಿತ್ತು. ಅವಳು ಕಿಟಕಿಯಾಚೆ ನೋಡುತ್ತಾ ಕೂತಳು. ಮನೆಯಲ್ಲಿ ಅಮ್ಮ, “ಎಲ್ಲಾ ಆಯ್ತಾ?” ಅಂದರೆ, “ಆಯ್ತಮ್ಮ,” ಅಂದಳು.

ಮರುವಾರ ನಾನು ಮೂರನೇ ವೈಸು ಖಾಲಿ ಮಾಡಿಸಿದೆ. ವೈಸು ನಿಂತವರ ಮೊಣಕೈ ಮಟ್ಟಕ್ಕಿರಬೇಕು, ತಂಗಿ ಕುಳ್ಳಿ. ಒಂದು ದಪ್ಪ ಹಲಗೆ ತಂದು, ಕಾಲು ಬಡಿದು, ನೆಲಕ್ಕೆ ಕೂರಿಸಿದೆ. ಅವಳನ್ನು ಕರೆತಂದು ಎಲ್ಲರ ಎದುರಿಗೇ ಹೇಳಿದೆ, “ಮುಂದಿನ ವರ್ಷಕ್ಕೆ ಹಾಕೋಣ. ನಾನೇ ಹೇಳ್ಕೊಡ್ತೀನಿ.”

ಅವಳು ಹಲಗೆ ಹತ್ತಿ ನಿಂತಳು. ಅರ ತೆಗೆದುಕೊಂಡು ಒಂದೇ ಸಲ ಉಜ್ಜಿದಳು. ಮುಂದಕ್ಕೆ ಒತ್ತಿ, ಹಿಂದಕ್ಕೆ ಹಗುರ. ಆಮೇಲೆ ಅರವನ್ನು ಇದ್ದ ಜಾಗದಲ್ಲೇ ಇಟ್ಟಳು.

“ಎತ್ತರ ಸರಿಯಾಗಿದೆ ಅಣ್ಣ. ಆದ್ರೆ ಈಗ ಇದು ನನ್ ಓದಿಗಲ್ಲ, ನಿನ್ ಸಮಾಧಾನಕ್ಕೆ. ಅದಕ್ಕೆ ನಾನು ಅರ ಹೊಡೆಯಲ್ಲ.”

ಆ ವರ್ಷವೇ ಜಾಲಹಳ್ಳಿಯ ಒಂದು ಶಾಲೆಯಲ್ಲಿ ಲೆಕ್ಕದ ಟೀಚರ್ ಆಗಿ ಸೇರಿದಳು. ಮತ್ತೆ ಎಲ್ಲಿಗೂ ಅರ್ಜಿ ಹಾಕಲಿಲ್ಲ. ನನ್ನ ಜೊತೆ ಚೆನ್ನಾಗಿಯೇ ಇದ್ದಾಳೆ, ಹಬ್ಬಕ್ಕೆ ಒಬ್ಬಟ್ಟು ತರುತ್ತಾಳೆ. ಶೆಡ್ಡಿಗೆ ಬಂದರೆ ಆಫೀಸು ರೂಮಿನಿಂದ ಈಚೆ ಕಾಲಿಡುವುದಿಲ್ಲ. ಅವಳು ಬರೆದ ರಟ್ಟುಗಳನ್ನು ನಾನು ಇನ್ನೂ ಬದಲಾಯಿಸಿಲ್ಲ. ಯಾವ ಬಿಲ್ಲು ಬೇಕಾದರೂ ಕೈಹಾಕಿದ ಕೂಡಲೇ ಸಿಗುತ್ತದೆ, ಸಿಕ್ಕಿದಾಗಲೆಲ್ಲ ಮುಖ ಬೆಚ್ಚಗಾಗುತ್ತದೆ.

ಈಗ ನನ್ನ ಹತ್ತಿರ ಆರು ಲೇತು, ಒಂದು ಶೇಪರ್, ಎರಡು ಡ್ರಿಲ್ಲಿಂಗ್ ಮಷಿನ್ನು ಇವೆ. ಹದಿನಾಲ್ಕು ಜನ ಕೆಲಸಗಾರರು. ಸ್ವಂತ ಮನೆ ಒಂದು. ತಂಗಿ ಒಬ್ಬಳು. ವೈಸು ನಾಲ್ಕು, ಮೂರನೆಯದರ ಮುಂದೆ ಒಂದು ಹಲಗೆ.