ಮೇರಿಯಮ್ಮನ ಹಣೆಯ ಕೆಂಪು ಚುಕ್ಕಿ

ಇವತ್ತು ನವರಾತ್ರಿಯ ಗೊಂಬೆ ಕೂರಿಸುತ್ತಿದ್ದಾಗ ಪಕ್ಕದಲ್ಲಿ ಮಗಳು ನೇಲ್ ಪಾಲಿಶ್ ಬಾಟಲಿ ತೆರೆದಳು. ಆ ಘಾಟಿಗೆ ನನ್ನ ಕೈ ಅಲ್ಲೇ ನಿಂತಿತು.

ನಾನು ಚಿಕ್ಕವಳಿದ್ದಾಗ ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಎದುರುಮನೆಯವರು ಸ್ಟೆಲ್ಲಾ ಆಂಟಿ. ಪ್ರತಿವರ್ಷ ನಮ್ಮ ಗೊಂಬೆಗಳನ್ನು ಕಣ್ತುಂಬ ನೋಡಿ ಹೋಗುತ್ತಿದ್ದವರು, ಒಂದು ಸಲ ತಾವು ಕ್ರಿಸ್‌ಮಸ್‌ಗೆ ಜೋಡಿಸುವ ಗೋದಲಿಯ ಗೊಂಬೆಗಳಿಂದ ಮೇರಿಯಮ್ಮನನ್ನೇ ಹತ್ತಿಯಲ್ಲಿ ಸುತ್ತಿ ತಂದುಕೊಟ್ಟರು. ನೀಲಿ ಸೆರಗು, ತೋಳಲ್ಲಿ ಮಗು. ಅಮ್ಮ ಅವಳನ್ನು ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲೇ ಕೂರಿಸಿದಳು. ನನಗೋ, ಸ್ಕೂಲಿನ ಗೆಳತಿಯರು ನೋಡಿ ಏನನ್ನುತ್ತಾರೋ ಎಂಬ ಅಂಜಿಕೆ. ಅಮ್ಮ ಉಸಲಿಗೆ ಒಗ್ಗರಣೆ ಹಾಕುತ್ತಿದ್ದಾಗ, ಅಕ್ಕನ ನೇಲ್ ಪಾಲಿಶ್ ಕದ್ದು ಆ ಬೋಳು ಹಣೆಗೆ ಕುಂಕುಮ ಬರೆದೆ. ಬಂದವರಿಗೆಲ್ಲ "ಯಶೋದೆ, ಕೃಷ್ಣ" ಎಂದೆ.

ಹಬ್ಬ ಮುಗಿದ ಮೇಲೆ ಎಷ್ಟು ಉಜ್ಜಿದರೂ ಚುಕ್ಕಿ ಹೋಗಲಿಲ್ಲ. ಹಾಗೆಯೇ ಹತ್ತಿಯಲ್ಲಿ ಸುತ್ತಿ ವಾಪಸ್ ಕೊಟ್ಟು ಓಡಿಬಂದೆ.

ಕ್ರಿಸ್‌ಮಸ್ ದಿನ ಕೇಕ್ ತಿನ್ನಲು ಹೋದರೆ, ಗೋದಲಿಯೊಳಗೆ ಅದೇ ಕೆಂಪು ಚುಕ್ಕಿ!

"ಇದೇನ್ ಸ್ಟೆಲ್ಲಾ, ಮಾತೆಗೆ ಬೊಟ್ಟು?" ಎಂದು ಅವರ ನೆಂಟರೊಬ್ಬರು ಕೇಳಿಯೇಬಿಟ್ಟರು.

ಆಂಟಿ ನನ್ನ ತಲೆ ಸವರಿದರು. "ಹಬ್ಬಕ್ಕೆ ಇವರ ಮನೆಗೆ ಹೋಗಿದ್ಲಲ್ಲ. ಮನೆಗೆ ಬಂದ ಹೆಂಗಸನ್ನ ಕುಂಕುಮ ಇಡದೆ ಕಳಿಸ್ತಾರಾ ಇವ್ರು?"

ನಾನು ಇನ್ನೊಂದು ತುಂಡು ಕೇಕ್ ಬಾಯಿಗೆ ತುರುಕಿಕೊಂಡೆ. ಅದು ಮರ್ಯಾದೆಗೆ ಇಟ್ಟದ್ದಲ್ಲ, ಅವಳು ಯಾರೆಂದು ಮುಚ್ಚಿಡಲು ಇಟ್ಟದ್ದು ಎಂದು ಅವತ್ತೂ ಹೇಳಲಿಲ್ಲ, ಆಂಟಿ ಇರುವವರೆಗೂ ಹೇಳಲಿಲ್ಲ.

"ಅಮ್ಮಾ, ನಿಂಗೂ ಹಚ್ಲಾ?" ಮಗಳು ನನ್ನ ಕೈ ಹಿಡಿದಳು.

"ಮುಚ್ಚಿಡೇ ಅದನ್ನ!" ಎಂದು ಗದರಿಬಿಟ್ಟೆ, ಪಾಪ.