ಪೆಟ್ಟಿಗೆಯೊಳಗಿನ ನೀರಿನ ಆಳ

“ಮೇಷ್ಟ್ರೇ, ನಿಮ್ಮ ಪೆಟ್ಟಿಗ್ಯಾಗಿನ ನೀರು ಸುಳ್ಳು ಹೇಳಾಕತ್ತೈತ್ರಿ!”

ಬಾಗಿಲಲ್ಲಿ ಕೋಲು ಊರಿ ನಿಂತಿದ್ದ ಕುರಿಗಾಹಿ ಹನುಮಪ್ಪ ಹೀಗೆಂದಾಗ ಹತ್ತನೇ ತರಗತಿಯ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಹನುಮಪ್ಪ ತಮ್ಮ ಮಗಳು ದುರುಗಮ್ಮನನ್ನು ಮನೆಗೆ ಕರೆದೊಯ್ಯಲು ಬಂದಿದ್ದರು. ಅವಳು ನಾಚಿಕೆಯಿಂದ ಬೆಂಚಿಗೆ ಮುಖ ಹಚ್ಚಿದಳು.

ಹೊಸಹಳ್ಳಿ ಕಡೆಯ ನಮ್ಮ ಶಾಲೆಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಬೆಳಕು ಬಾಗುವುದರಿಂದ ನೀರಿನ ಆಳ ಕಡಿಮೆ ಕಾಣುತ್ತದೆ ಎಂಬುದನ್ನು ಪರದೆಯ ಮೇಲೆ ಬಣ್ಣದ ಗೆರೆಗಳಲ್ಲಿ ತೋರಿಸುತ್ತಿದ್ದೆ. “ಮೂರು ಅಡಿ ಕಂಡರೆ ನಿಜಕ್ಕೂ ನಾಲ್ಕೂವರೆ ಅಡಿ ಇರುತ್ತದೆ” ಎಂದು ಅದರಲ್ಲಿ ಬಂದ ಲೆಕ್ಕವನ್ನೇ ಗತ್ತಿನಿಂದ ಓದಿದ್ದೆ. ನಡುವೆ ಬಾಯಿ ಹಾಕಿದ್ದಕ್ಕೆ ನನಗೆ ಸಿಟ್ಟೇ ಬಂತು.

ಹನುಮಪ್ಪ ಜಗ್ಗಲಿಲ್ಲ. “ಕುರಿ ಮೈ ತೊಳಿಯಾಕ ಹಳ್ಳಕ್ಕ ಇಳಿಸೋ ಮುಂಚಿ ದಿನಾ ಕೋಲು ಹಾಕಿ ನೋಡ್ತೀನ್ರಿ. ಮೂರು ಗೇಣು ಕಂಡ್ರ ನಾಕು ಗೇಣು ಇರ್ತೈತಿ. ನಾಕೂವರಿ ಯಾವತ್ತೂ ಇಲ್ಲ.”

ಅವರ ಬಾಯಿ ಮುಚ್ಚಿಸಬೇಕೆಂದೇ ಪರದೆಯತ್ತ ತಿರುಗಿದೆ. ಮೂಲೆಯಲ್ಲಿ ‘ನೀರು’ ಎಂದು ಆರಿಸಬೇಕಾದ ಕಡೆ ನಾನು ಬೆಳಕನ್ನು ಇನ್ನೂ ಹೆಚ್ಚು ಬಾಗಿಸುವ ‘ಗಾಜು’ ಆರಿಸಿಬಿಟ್ಟಿದ್ದೆ! ಮೌಸ್ ಒತ್ತಿ ಬದಲಿಸಿದೆ. ಮೂರಕ್ಕೆ ಸರಿಯಾಗಿ ನಾಲ್ಕು ಬಂತು.

ನಗುತ್ತಿದ್ದ ಮಕ್ಕಳೇ ಚಪ್ಪಾಳೆ ತಟ್ಟಿದರು. ದುರುಗಮ್ಮ ತಲೆ ಎತ್ತಿ, ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು. “ಅಪ್ಪಾ, ಒಳಗ ಬಾ, ಕುಂದ್ರು.”

ಆಮೇಲೆ ಎಷ್ಟೋ ಕಂಪ್ಯೂಟರ್‌ಗಳು ಬದಲಾದವು. ಪರದೆಯ ಲೆಕ್ಕ ಓದಿ ಹೇಳುವ ಮುಂಚೆ ನಾನು ಮಾತ್ರ ಈಗಲೂ ಒಮ್ಮೆ ಬಾಗಿಲ ಕಡೆ ನೋಡುತ್ತೇನೆ.